ಕಛೇರಿಯಲ್ಲಿ ಸಾಹಿತ್ಯ ಮರೆತುಹೋದರೆ

ನಮಸ್ಕಾರ.

ಸಂಗೀತ ಕಲಿತವರಿಗೆ ಮೊದಲ ಕಛೇರಿಯ ಅನುಭವ ಹೇಳಬೇಕಾಗಿಲ್ಲ. ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗುತ್ತದೆ. ಮನೆಯಲ್ಲಿ ಸಲೀಸಾಗಿ ನಿಲ್ಲುತ್ತಿದ್ದ ಮೇಲಿನ ಷಡ್ಜ (ಮೇಲಿನ ‘ಸ’ ಸ್ವರ) ವೇದಿಕೆಯ ಮೇಲೆ ನಡುಗುತ್ತದೆ. ಕಾಲಪ್ರಮಾಣ, ಅಂದರೆ ಹಾಡಿನ ವೇಗ, ನಮಗೇ ಗೊತ್ತಿಲ್ಲದೆ ಓಡತೊಡಗುತ್ತದೆ. ‘ಭಯಪಡಬೇಡ’ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳಿದ್ದಕ್ಕೆ ಯಾರ ಭಯ ಹೋಗಿದೆ, ಹೇಳಿ!

‘ಇನ್ನೂ ಜಾಸ್ತಿ ಸಾಧಕ (ಅಭ್ಯಾಸ) ಮಾಡು’ ಅನ್ನುವುದು ಇನ್ನೊಂದು ಬುದ್ಧಿಮಾತು. ಸರಿಯೇ. ಆದರೆ ನಾವು ಸಾಧಕ ಮಾಡುವ ರೀತಿ ನೋಡಿ. ಪಲ್ಲವಿಯ ನಂತರ ಬರುವ ಅನುಪಲ್ಲವಿಯಲ್ಲಿ ಒಂದು ಸಂಗತಿ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆ) ಜಾರಿತು ಅಂದುಕೊಳ್ಳಿ. ತಕ್ಷಣ ನಿಲ್ಲಿಸುತ್ತೇವೆ, ‘ಅಯ್ಯೋ’ ಅನ್ನುತ್ತೇವೆ, ಮತ್ತೆ ಪಲ್ಲವಿಯಿಂದ ಶುರು. ವರ್ಷಗಟ್ಟಲೆ ಇದೇ. ತಪ್ಪಿದ ಕೂಡಲೇ ನಿಲ್ಲುವುದನ್ನು ನಾವು ಎಷ್ಟು ಚೆನ್ನಾಗಿ ಕಲಿತಿರುತ್ತೇವೆ, ಅಲ್ವಾ? ಕಛೇರಿಯಲ್ಲಿ ತಾಳ ಮಾತ್ರ ನಮಗಾಗಿ ನಿಲ್ಲುವುದಿಲ್ಲ.

ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ 1960ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಹಾಡುತ್ತಿದ್ದರು. ‘ಮ್ಯಾಕ್ ದ ನೈಫ್’ ಹಾಡಿನ ನಡುವೆ ಸಾಹಿತ್ಯ ಪೂರ್ತಿ ಮರೆತುಹೋಯಿತು. ಅವರು ಲಯ ಬಿಡಲಿಲ್ಲ. ಸಾಹಿತ್ಯ ಮರೆತಿದೆ ಅನ್ನುವುದನ್ನೇ ಅದೇ ಮಟ್ಟಿನಲ್ಲಿ ಹಾಡಿದರು. ಅದೇ ಹಾಡನ್ನು ಹಾಡಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯನ್ನು ಅನುಕರಿಸಿ ಜನರನ್ನು ನಗಿಸಿದರು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು! ಅಂಥ ಪ್ರತಿಭೆ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಲಯ ಬಿಡದಿರುವುದನ್ನು ಯಾರು ಬೇಕಾದರೂ ಅಭ್ಯಾಸ ಮಾಡಬಹುದು.

ದಿನಕ್ಕೊಂದು ಕೃತಿಯನ್ನಾದರೂ, ಏನೇ ಆಗಲಿ, ನಿಲ್ಲಿಸದೆ ಕೊನೆತನಕ ಹಾಡಿ. ಸಾಹಿತ್ಯ ಮರೆತರೆ ಅಕಾರದಲ್ಲಿ, ಅಂದರೆ ಬರೀ ‘ಆ’ ಅನ್ನುತ್ತಾ, ತಾಳದ ಆವರ್ತ (ಒಂದು ಸುತ್ತು) ತುಂಬಿಸಿ. ತೊಡೆಯ ಮೇಲಿನ ಕೈ ಎಣಿಸುತ್ತಲೇ ಇರಲಿ. ಆದಿತಾಳವಾದರೆ ಎಂಟೇ ಎಣಿಕೆ, ಮತ್ತೆ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ಬಂದೇ ಬರುತ್ತದೆ. ಅಲ್ಲಿ ಪಲ್ಲವಿ ಹಿಡಿಯಿರಿ. ಎಷ್ಟೇ ಗಾಬರಿಯಾದರೂ ಪಲ್ಲವಿ ಸಾಮಾನ್ಯವಾಗಿ ಮರೆಯುವುದಿಲ್ಲ. ತಿದ್ದುವ ಸಾಧಕ ಬೇರೆ ಹೊತ್ತಿಗಿರಲಿ. ಇನ್ನೊಂದು ಕೆಲಸವಿದೆ. ಸುಮ್ನೆ ಕೂತಾಗ ಕೃತಿಯ ಕೊನೆಯ ಭಾಗವಾದ ಚರಣದಿಂದಲೇ ಶುರು ಮಾಡಿ ನೋಡಿ. ಬಹಳ ಜನರಿಗೆ ಬರುವುದಿಲ್ಲ. ಪಲ್ಲವಿಯಿಂದ ಬಂದ ಓಟದಲ್ಲಷ್ಟೇ ಅವರಿಗೆ ಚರಣ ನೆನಪು. ಓಟ ಒಮ್ಮೆ ಮುರಿದರೆ ಕೈಗೆ ಏನೂ ಸಿಗುವುದಿಲ್ಲ.

ಕಛೇರಿಯನ್ನು ವರ್ಣ ಅನ್ನುವ ಅಭ್ಯಾಸದ ರಚನೆಯಿಂದ ಶುರು ಮಾಡುವ ಪದ್ಧತಿಯಲ್ಲೂ ಒಂದು ಜಾಣತನವಿದೆ. ವರ್ಣ ಗಂಟಲಿಗೆ ಬಾಯಿಪಾಠ, ಎರಡು ಕಾಲದಲ್ಲಿ (ಎರಡು ವೇಗದಲ್ಲಿ) ಉಜ್ಜಿ ಉಜ್ಜಿ ಪಳಗಿದ್ದು. ಎದೆಬಡಿತ ಹತೋಟಿಗೆ ಬರುವ ತನಕ ಅದು ನಮ್ಮನ್ನು ನಡೆಸುತ್ತದೆ. ಹೊಸಬರು ಇದನ್ನು ಬಿಟ್ಟು, ಜನ ಬೆರಗಾಗಲಿ ಅಂತ ಮೊದಲಿಗೇ ಕಷ್ಟದ ಕೃತಿ ಎತ್ತಿಕೊಳ್ಳುತ್ತಾರೆ. ನನಗಂತೂ ಇದು ಸುಮ್ಮನೆ ಮೈಮೇಲೆ ಎಳೆದುಕೊಳ್ಳುವ ತೊಂದರೆ ಅನ್ನಿಸುತ್ತದೆ.

ತಪ್ಪಿದಾಗ ನಾಲಿಗೆ ಕಚ್ಚುವುದು, ಮುಖ ಕಿವುಚುವುದು ಬೇಡ. ಮುಂದಿನ ಸಾಲಿನವರಿಗೆ ತಪ್ಪು ತಿಳಿಯುವುದು ಎಷ್ಟೋ ಸಲ ಹಾಡಿನಿಂದಲ್ಲ, ಹಾಡುವವರ ಮುಖದಿಂದ. ಹಾಡುಗಳ ಪಟ್ಟಿಯನ್ನು ಪಕ್ಕವಾದ್ಯದವರಿಗೆ ಮೊದಲೇ ಕೊಡಿ. ಎಲ್ಲಿ ಅಳುಕಿದೆ ಅಂತ ಸಂಕೋಚವಿಲ್ಲದೆ ಹೇಳಿ. ಪಿಟೀಲಿನವರು ನಿಮ್ಮ ಸಾಲನ್ನು ಬೆನ್ನು ಹತ್ತಿಯೇ ಬರುತ್ತಿರುತ್ತಾರೆ. ನೀವು ತಡವರಿಸಿ ಅವರತ್ತ ತಿರುಗಿದರೆ, ಅನುಭವಸ್ಥರು ಆ ಸಾಲನ್ನು ತಾವೇ ನುಡಿಸಿ ನಿಮಗೆ ಎತ್ತಿಕೊಡುತ್ತಾರೆ.

ನಮಸ್ಕಾರ.