ಫೋರ್ಕ್ ಆದ ನಾಣ್ಯಕ್ಕೆ ಮೂಲದ ತಿದ್ದುಪಡಿ: ಗಿಟ್ ಸುಮ್ಮನಿದ್ದ ಕಡೆಯೇ ಹೆಚ್ಚು ನೋಡಬೇಕು

[ಪರದೆಯ ಮೇಲೆ: ಬಿಟ್‌ಕಾಯಿನ್ ಕೋರ್ 0.16.3]

ನಮಸ್ಕಾರ. 2018ರ ಸೆಪ್ಟೆಂಬರ್ 18ರಂದು, ಬಿಟ್‌ಕಾಯಿನ್ ಜಾಲದ ಮುಖ್ಯ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್‌ನ ಈ ಆವೃತ್ತಿ ಬಿಡುಗಡೆಯಾಯಿತು. ಒಂದೇ ವಹಿವಾಟಿನಲ್ಲಿ ಒಂದೇ ನಾಣ್ಯವನ್ನು ಎರಡು ಸಲ ತೋರಿಸಲಾಗಿದೆಯೇ ಎಂಬ ಪರೀಕ್ಷೆಯನ್ನು, ವೇಗ ಹೆಚ್ಚಿಸುವ ಸಲುವಾಗಿ, 0.14ನೇ ಆವೃತ್ತಿಯಲ್ಲಿ ಬ್ಲಾಕ್ (ವಹಿವಾಟುಗಳ ಕಟ್ಟು) ಪರಿಶೀಲನೆಯಿಂದ ಕೈಬಿಡಲಾಗಿತ್ತು. ಅದನ್ನು ಮರಳಿ ತರುವುದೇ ಇದರ ಮುಖ್ಯ ಉದ್ದೇಶವಾಗಿತ್ತು. ಬಿಟ್‌ಕಾಯಿನ್ ಜಾಲ ಪಾರಾಯಿತು. ಆದರೆ ಅದೇ ಕೋಡಿನ ವಂಶಕ್ಕೆ ಸೇರಿದ ಪಿಜನ್‌ಕಾಯಿನ್ ಎಂಬ ಸಣ್ಣ ನಾಣ್ಯದಲ್ಲಿ ಇದೇ ದೋಷವನ್ನು ಬಳಸಿ, ಲೆಕ್ಕದಲ್ಲೇ ಇಲ್ಲದ ನಾಣ್ಯಗಳನ್ನು ಸೃಷ್ಟಿಸಲಾಯಿತು. ಮೂಲ ಯೋಜನೆಯ ತಿದ್ದುಪಡಿ ಬಹಿರಂಗವಾದ ಗಳಿಗೆಯಿಂದ, ಅದನ್ನು ಇನ್ನೂ ಸೇರಿಸಿಕೊಳ್ಳದ ಫೋರ್ಕ್‌ಗಳ, ಅಂದರೆ ಮೂಲದ ಕೋಡಿನಿಂದ ಕವಲೊಡೆದ ಯೋಜನೆಗಳ, ಬಾಗಿಲು ಎಲ್ಲಿ ತೆರೆದಿದೆ ಎಂಬುದನ್ನು ಆ ತಿದ್ದುಪಡಿಯೇ ಹೇಳುತ್ತಿರುತ್ತದೆ.

[ಚಿತ್ರ: ಒಂದೇ ಬುಡದಿಂದ ಕವಲೊಡೆದ ಎರಡು ಗೆರೆಗಳು]

ಹಾಗಾದರೆ ಬೇಗನೆ ಮರ್ಜ್ ಮಾಡಿದರೆ, ಅಂದರೆ ಮೂಲದ ಬದಲಾವಣೆಗಳನ್ನು ನಮ್ಮ ಕೋಡಿಗೆ ಸೇರಿಸಿಕೊಂಡರೆ, ಸಾಕೇ? ಸಾಲದು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನವಾದ ಗಿಟ್ ಎರಡೂ ಕವಲುಗಳ ಸಮಾನ ಪೂರ್ವಜನನ್ನು ಹುಡುಕಿ, ಸಾಮಾನ್ಯವಾಗಿ ಇಬ್ಬರೂ ಒಂದೇ ಸಾಲನ್ನು ಅಥವಾ ಅಕ್ಕಪಕ್ಕದ ಸಾಲುಗಳನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಕಾನ್‌ಫ್ಲಿಕ್ಟ್ (ಘರ್ಷಣೆ) ಎಂದು ನಿಲ್ಲಿಸುತ್ತದೆ. ಉಳಿದದ್ದನ್ನು ಮೌನವಾಗಿ ಸೇರಿಸುತ್ತದೆ. ನನ್ನ ಆತಂಕವಿರುವುದು ಈ ಮೌನದ ಬಗ್ಗೆಯೇ.

2011ರಲ್ಲಿ ಬಿಟ್‌ಕಾಯಿನ್‌ನಿಂದ ಕವಲೊಡೆದ ಲೈಟ್‌ಕಾಯಿನ್ ಅನ್ನು ನೋಡೋಣ. ಅಲ್ಲಿ ಬ್ಲಾಕನ್ನು ಗುರುತಿಸುವುದು ಶಾ-256 ಹ್ಯಾಶ್‌ನಿಂದ (ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ), ಗಣಿಗಾರಿಕೆಯ, ಅಂದರೆ ಹೊಸ ಬ್ಲಾಕ್ ರಚಿಸುವ ಕೆಲಸದ, ಶ್ರಮವನ್ನು ಅಳೆಯುವುದು ಎಸ್‌ಕ್ರಿಪ್ಟ್ ಹ್ಯಾಶ್‌ನಿಂದ. ಬಿಟ್‌ಕಾಯಿನ್‌ನಲ್ಲಿ ಎರಡಕ್ಕೂ ಒಂದೇ ಹ್ಯಾಶ್. ಡಿಸ್ಕಿನಿಂದ ಬ್ಲಾಕ್ ಸೂಚಿಯನ್ನು ಓದುವಾಗ ಶ್ರಮವನ್ನು ಮತ್ತೊಮ್ಮೆ ಪರೀಕ್ಷಿಸುವ ಬಿಟ್‌ಕಾಯಿನ್‌ನ ಸಾಲು ಹಾಗೆಯೇ ಬಂದು ಕುಳಿತರೆ, ಕೋಡ್ ತಕರಾರಿಲ್ಲದೆ ಕಂಪೈಲ್ ಆಗುತ್ತದೆ, ಆದರೆ ನೋಡ್ (ಈ ತಂತ್ರಾಂಶವನ್ನು ನಡೆಸುವ ಕಂಪ್ಯೂಟರ್) ತಾನೇ ಉಳಿಸಿಟ್ಟ ಸರಿಯಾದ ಬ್ಲಾಕುಗಳನ್ನು ತಪ್ಪೆಂದು ತಿರಸ್ಕರಿಸುತ್ತದೆ. ಲೈಟ್‌ಕಾಯಿನ್ ಅಭಿವೃದ್ಧಿಕಾರರು ಆ ಪರೀಕ್ಷೆಯನ್ನು ಅಲ್ಲಿ ನಿಷ್ಕ್ರಿಯಗೊಳಿಸಿ, ಕಾರಣವನ್ನು ಕೋಡಿನಲ್ಲೇ ಟಿಪ್ಪಣಿಯಾಗಿ ಬರೆದಿಟ್ಟಿದ್ದಾರೆ. ಮುಂದಿನ ಸಲ ಮರ್ಜ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

[ಪರದೆಯ ಮೇಲೆ: ಗಿಟ್ ಆದೇಶಗಳು]

ಆದ್ದರಿಂದ ಮೂಲ ಯೋಜನೆಯ ದಿನದಿನವೂ ಬದಲಾಗುವ ಮುಖ್ಯ ಕವಲನ್ನು ಬಿಟ್ಟು, ಬಿಡುಗಡೆಯಾದ ಆವೃತ್ತಿಯನ್ನು ಗುರುತಿಸುವ ಟ್ಯಾಗ್ ಅನ್ನೇ ತೆಗೆದುಕೊಳ್ಳಿ. ಎಲ್ಲ ಕಮಿಟ್‌ಗಳನ್ನು, ಅಂದರೆ ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆಯನ್ನು, ಒಂದಾಗಿ ಅಡಕಿಸಬೇಡಿ. ಅಡಕಿಸಿದರೆ ಮುಂದಿನ ಸಲ ಗಿಟ್‌ಗೆ ಹಳೆಯ ಪೂರ್ವಜನೇ ಸಿಗುತ್ತಾನೆ, ಬಗೆಹರಿಸಿದ ಕಾನ್‌ಫ್ಲಿಕ್ಟ್‌ಗಳೇ ಮರಳಿ ಬರುತ್ತವೆ. ತುರ್ತು ಭದ್ರತಾ ತಿದ್ದುಪಡಿಯಾದರೆ ಅದೊಂದನ್ನೇ ಚೆರ್ರಿ-ಪಿಕ್ ಮಾಡಬಹುದು. ಆದರೆ ಹಣ ಹುಟ್ಟುವ, ಖರ್ಚಾಗುವ, ಬ್ಲಾಕ್ ಸಿಂಧುವಾಗುವ ನಿಯಮಗಳಿರುವ ಕಡತಗಳನ್ನು, ಕಾನ್‌ಫ್ಲಿಕ್ಟ್ ಬರಲಿ ಬಾರದಿರಲಿ, ಸಾಲುಸಾಲಾಗಿ ಕಣ್ಣಿಟ್ಟು ಓದಬೇಕು. ಅನಂತರ ಹೊಸ ನೋಡ್ ಒಂದನ್ನು ಖಾಲಿ ಡಿಸ್ಕಿನಲ್ಲಿ ಆರಂಭಿಸಿ, ಮೊದಲ ಬ್ಲಾಕಿನಿಂದ ಇಂದಿನ ಬ್ಲಾಕಿನವರೆಗೆ ನಿಮ್ಮ ಸರಪಳಿಯ ಇಡೀ ಇತಿಹಾಸವನ್ನು ಅದರಿಂದ ಪರಿಶೀಲಿಸಿ, ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿ ನೋಡಿ. ಲೈಟ್‌ಕಾಯಿನ್‌ನ ಆ ಸಾಲಿನಂಥ ದೋಷ ಗೋಚರಿಸುವುದು ಈ ಎರಡನೆಯ ಆರಂಭದಲ್ಲಿಯೇ.