ಬಾಗಿಲು ಮುಚ್ಚಿರುವ ದಿನಗಳು

ಹಿರಿಯರೇ, ತಾಯಂದಿರೇ, ಸ್ನೇಹಿತರೇ,

ದೇವರಿಗಾಗಿ ಕಾಯುವ ಪಾಠವನ್ನು ಹಾಸನದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ನಮ್ಮೂರ ದೇವಿ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಮುಗಿದರೆ ಮತ್ತೆ ಬೀಗ. ಒಳಗೆ ಹಚ್ಚಿಟ್ಟ ದೀಪ ವರ್ಷವಿಡೀ ಆರುವುದಿಲ್ಲ ಎಂದು ನಂಬಿ ಬೆಳೆದವರು ನಾವು.

ದರ್ಶನದ ದಿನಗಳಲ್ಲಿ 300 ರೂಪಾಯಿಯ ಸಾಲು, 1000 ರೂಪಾಯಿಯ ಸಾಲು ಎಂದೆಲ್ಲ ಇರುತ್ತವೆ. ಮಂಡಿನೋವಿನವರಿಗೆ, ಕೂಸು ಎತ್ತಿಕೊಂಡು ಬಂದವರಿಗೆ ಅದು ಅನುಕೂಲವೇ. ಮಗನ ಕೆಲಸಕ್ಕೋ, ಮಗಳ ಮದುವೆಗೋ, ತೀರದ ಸಾಲಕ್ಕೋ ದೇವರ ಮುಂದೆ ನಿಂತವರಿಗೆ ಮಾತ್ರ ಬೇಗ ಹೋಗುವ ಸಾಲು ಎಲ್ಲೂ ಇಲ್ಲ.

ಗುಡಿಯೊಳಗಿನ ಸೊಸೆ ಕಲ್ಲಿನ ಕಥೆ ನಿಮಗೆ ಗೊತ್ತು. ಅಮ್ಮನ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹೊಡೆದಳು. ಸೊಸೆ ಹಾಸನಾಂಬೆಯನ್ನು ಕೂಗಿದಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿ ಇರಿಸಿಕೊಂಡಳು. ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯತ್ತ ಸಾಗುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ಒಂದು ಅಕ್ಕಿಕಾಳು! ನಮ್ಮ ಅಜ್ಜಿಯ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಅವಳು ಒಂದು ಗೇಣು ನಡೆದಿದ್ದರೆ ಹೆಚ್ಚು. ಆದರೂ ಅವಳು ಹಿಂದಕ್ಕೆ ಸರಿದಳೆಂದು ಯಾರೂ ಹೇಳಿಲ್ಲ. ಭರವಸೆಯಿಂದ ಕಾಯುವುದು ಎಂದರೆ ನನ್ನ ಕಣ್ಣಿಗೆ ಇದೇ ಕಾಣುತ್ತದೆ: ಮುಖ ದೇವರ ಕಡೆಗಿರಬೇಕು, ದಿನದ ಪಾಲಿನ ಕಾಳಷ್ಟು ದೂರವನ್ನು ಆ ದಿನ ನಡೆದಿರಬೇಕು.

ಇದೇ ಕಥೆಯನ್ನು ಹೆಣ್ಣುಮಕ್ಕಳಿಗೆ ‘ತಾಳಿಕೋ’ ಎಂದು ಹೇಳಲು ಬಳಸುವುದನ್ನು ಕೇಳಿದ್ದೇನೆ. ಅದು ಅನ್ಯಾಯ. ಸೊಸೆ ಏಟು ತಿಂದು ಸುಮ್ಮನಿರಲಿಲ್ಲ, ಕೂಗಿಕೊಂಡಳು. ದೇವರಿಗಾಗಿ ಕಾಯುವವರು ಹೊಡೆತವನ್ನು ಸಹಿಸಬೇಕಿಲ್ಲ; ನೆರವು ಕೇಳುವುದೂ ಪ್ರಾರ್ಥನೆಯೇ.

ಇನ್ನು ಹರಕೆ. ‘ಬರುವ ಯುಗಾದಿಯೊಳಗೆ ಆಗಲಿ’ ಎಂದು ದೇವರಿಗೆ ಗಡುವು ಕೊಡುತ್ತೇವೆ. ಗಡುವು ದಾಟಿದರೆ ಮುನಿಸು, ಇನ್ನೊಂದು ಗುಡಿ, ಇನ್ನೊಬ್ಬ ಜ್ಯೋತಿಷಿ. ಕೇಳುವುದು ತಪ್ಪಲ್ಲ, ಅತ್ತು ಕೇಳಿದರೂ ತಪ್ಪಲ್ಲ. ತಾರೀಖನ್ನು ಮಾತ್ರ ಅವನಿಗೆ ಬಿಡಿ. ಮಗ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದರೆ ಅವನ ಊಟ, ನಿದ್ದೆ ಕೆಡದಂತೆ ನೋಡಿಕೊಳ್ಳಿ. ಆಲೂಗಡ್ಡೆ ಬಿತ್ತಿ ಮಳೆಗೆ ಕಾಯುವವರು ಬದು ಸರಿಮಾಡಿಕೊಳ್ಳಿ. ಕೈ ಖಾಲಿ ಇದ್ದಾಗಲೇ ಮನಸ್ಸು ಕೆಟ್ಟದ್ದನ್ನು ಹೆಣೆಯುವುದು.

ಬಾಗಿಲು ಮುಚ್ಚಿದೆಯೆಂದು ಅಮ್ಮ ಊರು ಬಿಟ್ಟಳೇ? ಏಳು ತಾಯಿದೇವತೆಗಳಾದ ಸಪ್ತಮಾತೃಕೆಯರಲ್ಲಿ ಮೂವರು ಹುತ್ತದ ರೂಪದಲ್ಲಿ ಈ ಗುಡಿಯಲ್ಲಿ, ಮೂವರು ಊರಿನ ದೇವಿಗೆರೆ ಕೊಳದಲ್ಲಿ, ಬ್ರಾಹ್ಮೀದೇವಿ ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದರೆಂದು ಐತಿಹ್ಯ. ಉತ್ಸವ ಮುಗಿದ ಮೇಲೂ ನಾವು ಓಡಾಡುವುದು ಅವರ ನಡುವೆಯೇ.

ಕೊನೆಗೊಂದು ಕೋರಿಕೆ. ಆಸ್ಪತ್ರೆಯ ವರದಿಗೆ, ದೂರ ಹೋದ ಮಗನ ಫೋನಿಗೆ ಕಾದು ಕುಳಿತವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಈ ವಾರ ಅವರ ಮನೆಗೆ ಹೋಗಿ. ಉಪದೇಶ ಬೇಡ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಜೊತೆಗೆ ಕುಳಿತು ಬನ್ನಿ.