ಮರ್ಕ್ಯುರಿಯಲ್ ಅಂದರೆ ಬರೀ ಚಂಚಲವೇ?

ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಿಮ್ಮ ಮುಂದೆ ಇವತ್ತು ಒಂದು ಪದದ ಪರವಾಗಿ ವಕಾಲತ್ತು ವಹಿಸಲು ಬಂದಿದ್ದೇನೆ. ಮರ್ಕ್ಯುರಿಯಲ್. ‘ಚಂಚಲ ಸ್ವಭಾವದ’ ಅಂತ ಬರೆಸಿ ಮುಂದಕ್ಕೆ ಹೋಗಿಬಿಡುತ್ತೇವೆ, ಅಲ್ವಾ? ಪತ್ರಿಕೆಗಳಂತೂ ಆ ಪದವನ್ನು ಪಾಕಿಸ್ತಾನದ ಕ್ರಿಕೆಟ್ ತಂಡದ ಹೆಸರಿಗೇ ಖಾತೆ ಮಾಡಿಕೊಟ್ಟಿವೆ. ಅಷ್ಟಕ್ಕೇ ನಿಲ್ಲಿಸಿದರೆ ಪದಕ್ಕೆ ಅನ್ಯಾಯ ಅನ್ನೋದು ನನ್ನ ತಕರಾರು.

ಮರ್ಕ್ಯುರಿ ರೋಮನ್ನರ ವ್ಯಾಪಾರದ ದೇವರು. ರೋಮ್ ನಗರದ ಅವೆಂಟೈನ್ ಗುಡ್ಡದ ಬಳಿ ಕ್ರಿ.ಪೂ. 495ರಲ್ಲಿ ಅವನಿಗೆ ಗುಡಿ ಆಯಿತು. ಮೇ 15 ಅವನ ಹಬ್ಬ. ಆ ದಿನದ ಒಬ್ಬ ವ್ಯಾಪಾರಿಯ ಕಥೆಯನ್ನು ಕವಿ ಓವಿಡ್ ಹೇಳುತ್ತಾನೆ. ಆಸಾಮಿ ಮಡಿಯಲ್ಲಿ ಬಂದು ಮರ್ಕ್ಯುರಿಯ ಚಿಲುಮೆಯಿಂದ ನೀರು ತುಂಬಿಕೊಳ್ಳುತ್ತಾನೆ. ಲಾರೆಲ್ ರೆಂಬೆಯನ್ನು ಅದರಲ್ಲಿ ಅದ್ದಿ ಸರಕಿಗೆಲ್ಲ ಚಿಮುಕಿಸುತ್ತಾನೆ. ತಲೆಗೂ ಒಂದಿಷ್ಟು. ಆಮೇಲೆ ಪ್ರಾರ್ಥನೆ. ಇಲ್ಲಿವರೆಗೆ ಹೇಳಿದ ಸುಳ್ಳು, ದೇವರ ಮೇಲೆ ಹಾಕಿದ ಸುಳ್ಳು ಆಣೆ, ಎಲ್ಲ ತೊಳೆದುಹೋಗಲಿ ಅಂತ. ಇಷ್ಟೇ ಆಗಿದ್ದರೆ ಪಶ್ಚಾತ್ತಾಪ ಅನ್ನಬಹುದಿತ್ತು. ಮುಂದೆ ಕೇಳಿ: ಲಾಭ ಕೊಡು, ಗಿರಾಕಿಗೆ ಟೋಪಿ ಹಾಕುವ ಸುಖವನ್ನೂ ಕೊಡು! ಮೇಲಿಂದ ಮರ್ಕ್ಯುರಿ ನಗುತ್ತಾನೆ. ಬೈಯೋಕೆ ಅವನಿಗೆ ಯಾವ ಮುಖವಿದೆ? ತಾನೇ ಅಪೋಲೊ ದೇವರ ದನ ಕದ್ದವನು. ಮರ್ಕ್ಯುರಿಯ ಗ್ರೀಕ್ ರೂಪ ಹರ್ಮಿಸ್. ಅವನು ಹುಟ್ಟಿದ ದಿನವೇ ಆ ದನಗಳನ್ನು ಹಿಂದುಹಿಂದಕ್ಕೆ ನಡೆಸಿಕೊಂಡು ಹೋದನಂತೆ, ಹೆಜ್ಜೆ ಗುರುತು ಉಲ್ಟಾ ಕಾಣಲಿ ಅಂತ. ಎಂಥ ತಲೆ ನೋಡಿ!

ಈ ತಲೆ, ಈ ನಾಲಿಗೆ, ಈ ಕೈಚಳಕ ಎಲ್ಲ ಸೇರಿದ್ದು ಮರ್ಕ್ಯುರಿಯಲ್. ಮರ್ಕ್ಯುರಿ ಒಂದು ಗ್ರಹದ ಹೆಸರೂ ಹೌದು. ಆ ಗ್ರಹದ ಪ್ರಭಾವದಲ್ಲಿ ಹುಟ್ಟಿದವರೂ ಹಾಗೇ ಅಂತ ಜ್ಯೋತಿಷ್ಯ ನಂಬಿತು. ಶೇಕ್ಸ್‌ಪಿಯರ್‌ನ ‘ದಿ ವಿಂಟರ್ಸ್ ಟೇಲ್’ ನಾಟಕದ ಕಳ್ಳ ಆಟೊಲಿಕಸ್ ತಾನು ಮರ್ಕ್ಯುರಿಯ ಕೆಳಗೆ ಹುಟ್ಟಿದವನು ಅಂತ ಜಂಬದಿಂದ ಹೇಳಿಕೊಳ್ಳುತ್ತಾನೆ. ನಮ್ಮ ಜ್ಯೋತಿಷಿಗಳೂ ಮಾತಿಗೆ, ವ್ಯಾಪಾರಕ್ಕೆ ಬುಧನನ್ನೇ ನೋಡುತ್ತಾರೆ. ಅದೇ ಗ್ರಹ. ಸೂರ್ಯನನ್ನು 88 ದಿನಕ್ಕೆ ಸುತ್ತಿ ಬರುವ ಅವಸರದವನು.

ದೇವರು, ಗ್ರಹ ಆಯಿತು. ಮರ್ಕ್ಯುರಿ ಹೆಸರಿನ ಮೂರನೆಯದು ಲೋಹ. ರಸವಾದಿಗಳು ಏಳು ಲೋಹಕ್ಕೆ ಏಳು ಗ್ರಹ ಹಂಚಿದರು. ಇಂಗ್ಲಿಷಿನಲ್ಲಿ ಗ್ರಹದ ಹೆಸರೇ ಉಳಿದದ್ದು ಪಾದರಸಕ್ಕೆ ಮಾತ್ರ. ಮೈನಸ್ 39 ಡಿಗ್ರಿವರೆಗೂ ಅದು ದ್ರವವೇ. ಕೈಗೆ ಸಿಗದು, ಒಂದು ಕಡೆ ನಿಲ್ಲದು. ಚಂಚಲ ಅನ್ನುವ ಅರ್ಥಕ್ಕೆ ಇದು ಒತ್ತು ಕೊಟ್ಟಿತು. ಆದರೆ ನಾವು ‘ಪಾದರಸದಂಥ ಹುಡುಗಿ’ ಅಂದರೆ ಹೊಗಳಿಕೆ, ಚುರುಕು ಅಂತ. ನನ್ನ ತಕರಾರೂ ಇದೇ: ಚುರುಕನ್ನು ಬಿಟ್ಟು ಬರೀ ಚಂಚಲವನ್ನೇ ಯಾಕೆ ಕಲಿಸಬೇಕು?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಜೋವಿಯಲ್, ಸ್ಯಾಟರ್ನೈನ್, ಮಾರ್ಷಲ್ ಎಲ್ಲ ಹೇಳಬೇಕಿತ್ತು. ಗುರುವಿನಿಂದ ನಗುಮುಖ, ಶನಿಯಿಂದ ಜೋಲುಮುಖ, ಮಂಗಳನಿಂದ ಯುದ್ಧ, ಇಷ್ಟೇ ಹೇಳುತ್ತೇನೆ. ಶನಿಯ ಲೋಹ ಸೀಸ, ಅದರ ಕಥೆ ಬೇರೆಯೇ ಇದೆ. ಅದು ಬೇಕಾದವರು ಚಹಾ ಕುಡಿಯುವಾಗ ಸಿಗಿ.